ನಕ್ಷತ್ರವನ್ನು ಹಿಂಬಾಲಿಸುವ ಪೀಠ

ದೂರದರ್ಶಕವೆಂದೊಡನೆ ಪಾಲಕರು ಅದರ ಗಾಜಿನ ಅಗಲವನ್ನು ಕೇಳುವರು. ಮಂದ ನಕ್ಷತ್ರಗಳ ಛಾಯಾಚಿತ್ರಕ್ಕೆ ಆ ಗಾಜನ್ನು ಹೊತ್ತ ಪೀಠವೇ ಮುಖ್ಯವೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಇಲ್ಲಿ ಅರಿಕೆ ಮಾಡುತ್ತೇವೆ.

ಭೂಮಿಯು 23 ಗಂಟೆ 56 ಮಿನಿಟು 4 ಸೆಕೆಂಡಿಗೊಮ್ಮೆ ತನ್ನ ಸುತ್ತಲೂ ತಿರುಗುವದರಿಂದ ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುವಂತೆ ತೋರುವವು. ಒಂದು ಅಂಶದ 3600ನೆಯ ಪಾಲಿಗೆ ವಿಕಲೆಯೆಂದು ಹೆಸರು. ಆಕಾಶದ ವಿಷುವದ್ವೃತ್ತದ ಬಳಿಯ ನಕ್ಷತ್ರವು ಸೆಕೆಂಡಿಗೆ 15 ವಿಕಲೆಗಳಂತೆ 10 ಮಿನಿಟುಗಳಲ್ಲಿ 9000 ವಿಕಲೆ, ಅಂದರೆ ಐದು ಚಂದ್ರಬಿಂಬಗಳನ್ನು ಸಾಲಾಗಿಟ್ಟಷ್ಟು ದೂರ, ಸರಿಯುವದು. ಅಷ್ಟು ಹೊತ್ತು ಹಿಂಬಾಲಿಸುವ ಪೀಠವು ಒಂದೆರಡು ವಿಕಲೆಗಿಂತ ಹೆಚ್ಚು ತಪ್ಪಿದರೆ ಚುಕ್ಕೆಯು ಗೆರೆಯಾಗುವದು.

ಆದದರಿಂದ ಪೀಠದ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ನಿಲ್ಲಿಸುವರು. ನಮ್ಮ ರಬಕವಿಯಲ್ಲಿ ಅದು ಉತ್ತರಾಭಿಮುಖವಾಗಿ ಸುಮಾರು 16½ ಅಂಶ ಎತ್ತರಿಸಿರಬೇಕು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನಲ್ಲಿ 1986ರಲ್ಲಿ ಆರಂಭಿಸಿದ 2.3 ಮೀಟರಿನ ವೈನು ಬಪ್ಪು ದೂರದರ್ಶಕದ ಪೀಠವೂ ಇದೇ ತತ್ತ್ವದ್ದು. ಅಲ್ಲಿಯ ಓರೆ ಸುಮಾರು 12½ ಅಂಶ.

ಇಷ್ಟಾದರೂ ಹಲ್ಲುಚಕ್ರಗಳ ಅಲ್ಪದೋಷದಿಂದ ನಡೆಯು ತುಸು ಹಿಂದುಮುಂದಾಗುವದು. ಮಗ್ಗದ ಚಕ್ರದ ಹಲ್ಲೊಂದು ಸವೆದರೆ ಬಟ್ಟೆಯಲ್ಲಿ ಅದೇ ದೋಷವು ಸಮಾನ ಅಂತರದಲ್ಲಿ ಮರುಕಳಿಸುವದನ್ನು ನಮ್ಮೂರ ನೇಕಾರರ ಮಕ್ಕಳು ಬಲ್ಲರು. ಇದೂ ಹಾಗೆಯೇ. ಪರಿಹಾರಕ್ಕಾಗಿ ಇನ್ನೊಂದು ಚಿಕ್ಕ ಕ್ಯಾಮರಾವು ಒಂದೇ ನಕ್ಷತ್ರವನ್ನು ದಿಟ್ಟಿಸುತ್ತಿದ್ದು, ಅದು ಕದಲಿದೊಡನೆ ಪೀಠವನ್ನು ತಿದ್ದುವದು.

ಮಗಳಿಗೆ ಇಂಥ ಯಂತ್ರವನ್ನು ಕೊಳ್ಳುವ ಪಾಲಕರು ಗಾಜು ಕಿರಿದಾದರೂ ಪೀಠವು ಗಟ್ಟಿಯಾಗಿರುವಂತೆ ನೋಡಿಕೊಳ್ಳಲಿ. ಗೆರೆಗಳನ್ನೇ ಕಂಡು ಕಂಡು ಆಕೆಯ ಉತ್ಸಾಹವು ಕುಂದದಿರಲಿ ಎಂಬುದೇ ನಮ್ಮ ಬಿನ್ನಹ.