ಹಲ್ಲು ಕೀಳುವ ವಿದ್ಯೆ

ಹಲ್ಲುನೋವಿಗೆ ಅಂಜದವರಾರು? ನಾವೂ ವೈದ್ಯರ ಇಕ್ಕುಳಕ್ಕೆ ಹೆದರಿ, ಲವಂಗದೆಣ್ಣೆಯನ್ನೇ ನಂಬಿ, ಕೆನ್ನೆ ಬಾತ ಮೇಲೆ ಅವರಲ್ಲಿಗೆ ಹೋದೆವು. ಆ ಭಯವು ನಿರರ್ಥಕವೆಂದು ಅಲ್ಲಿ ತಿಳಿಯಿತು.

1846ರಲ್ಲಿ ಬಾಸ್ಟನ್ ನಗರದ ದಂತವೈದ್ಯನಾದ ಮಾರ್ಟನ್ನನು ಈಥರನ್ನು ಮೂಸಿಸಿ ನೋವಿಲ್ಲದೆ ಹಲ್ಲು ಕಿತ್ತನು. ಈಗ ಸೂಜಿಮದ್ದಿನಿಂದ ಆ ಭಾಗವನ್ನಷ್ಟೇ ಮರಗಟ್ಟಿಸುವರು. ಹಲ್ಲು ಸೂಕ್ಷ್ಮತಂತುಗಳಿಂದ ಎಲುಬಿನ ಕುಳಿಯಲ್ಲಿ ನಿಂತಿರುವುದು. ಸನ್ನೆಯಂತಹ ಉಪಕರಣದಿಂದ ಅದನ್ನು ಸಡಿಲಿಸಿ, ಇಕ್ಕುಳದಿಂದ ಮೆಲ್ಲನೆ ಅಲುಗಿಸಿ ಎತ್ತುವರು, ಬಲದಿಂದ ಜಗ್ಗುವುದಿಲ್ಲ. ಕಡೆಯ ದವಡೆಹಲ್ಲು ಎಲುಬಿನಲ್ಲಿ ಅಡ್ಡಲಾಗಿ ಹುದುಗಿದ್ದರೆ, ವಸಡನ್ನು ಕೊಯ್ದು, ಎಲುಬನ್ನು ತುಸು ಕೊರೆದು, ಹಲ್ಲನ್ನು ತುಂಡರಿಸಿ ತೆಗೆದು ಹೊಲಿಗೆ ಹಾಕುವರು.

ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯದ ಕವಚ. ಆದಕಾರಣ ಮೊದಲ 24 ಗಂಟೆ ಬಾಯಿ ಮುಕ್ಕಳಿಸಬಾರದು, ಹೊಗೆ ಸೇದಬಾರದು. ಕೀವು ಕಂಠಕ್ಕಿಳಿದರೆ ಪ್ರಾಣಾಪಾಯವುಂಟು. ವಾಚಕರು ನಮ್ಮಂತೆ ತಡಮಾಡದಿರಲಿ.