ನೆಂಟರ ಮನೆಗೆ ಹೋಗಿಬರುವುದೂ ಒಕ್ಕಲಿನ ಕ್ಷೇಮವೂ

ಒಕ್ಕಲುತನ ಮಾಡುವ ಕುಟುಂಬಕ್ಕೆ ನೆಂಟರ ಮನೆಗೆ ಹೋಗಿಬರುವುದು ಕೇವಲ ವಿನೋದದ ಮಾತಲ್ಲ. ಹೆಣ್ಣು ಕೊಟ್ಟು ತಂದ ಮನೆಗಳೇ ನಮ್ಮ ಹಳ್ಳಿಗಳಲ್ಲಿ ಕಷ್ಟಕಾಲದ ಆಧಾರ. ಮಳೆ ತಪ್ಪಿದ ವರ್ಷ ಬಿತ್ತನೆಗೆ ಬೀಜ ಬಂದುದು, ಎತ್ತು ಸತ್ತಾಗ ಉಳುಮೆಗೆ ಜೋಡಿ ದೊರೆತುದು, ಬಾಣಂತಿಗೆ ಆಸರೆಯಾದುದು ಇಂಥ ಮನೆಗಳಿಂದಲೇ ಎಂಬುದನ್ನು ಗ್ರಾಮದ ಯಜಮಾನರೂ ಭೂಮಾಲೀಕರೂ ಆದ ನಮ್ಮ ವಾಚಕರು ಅರಿಯದವರಲ್ಲ. ಹೀಗಿದ್ದರೂ ಈ ಪದ್ಧತಿಯಲ್ಲಿ ಒಂದು ಕೊರತೆಯುಂಟು. ಮನೆಮಂದಿಯೆಲ್ಲ ಹೊರಟಾಗ ದನಕರುಗಳಿಗಾಗಿ, ಬೆಳೆಗಾಗಿ ಯಾರಾದರೊಬ್ಬರು ಹಿಂದೆ ಉಳಿಯುತ್ತಾರೆ. ಬಹುಮಟ್ಟಿಗೆ ಪ್ರತಿ ಸಲವೂ ಅವರೇ ಉಳಿಯುತ್ತಾರೆ. ಈ ಕೊರತೆಯನ್ನು ನೀಗಿಸುವುದು ಒಂದು ಮನೆಯಿಂದ ಆಗತಕ್ಕ ಕೆಲಸವಲ್ಲ, ಊರಿನವರೆಲ್ಲ ಸೇರಿ ಮಾಡತಕ್ಕದ್ದು. ಅದರ ಕ್ರಮವನ್ನೂ, ನೆಂಟರ ಮನೆಯಿಂದ ಹಿಂದಿರುಗುವಾಗ ವಹಿಸಬೇಕಾದ ಎಚ್ಚರಿಕೆಯನ್ನೂ ಇಲ್ಲಿ ವಿವರಿಸಲಾಗಿದೆ.

ಆಷಾಢದ ತವರು

ಚಾಮರಾಜನಗರದ ಸೀಮೆಯಲ್ಲಿ ಇಂಥ ಪ್ರಯಾಣಗಳಿಗೆ ಆಷಾಢವು ಒಂದು ಮುಖ್ಯ ಕಾಲ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳನ್ನು ಈ ಮಾಸದಲ್ಲಿ ತವರಿಗೆ ಕರೆತರುವುದು ಬಹುಕಾಲದ ರೂಢಿ. ಆಷಾಢದಲ್ಲಿ ನಿಂತ ಗರ್ಭಕ್ಕೆ ಚೈತ್ರದ ಬಿಸಿಲಿನಲ್ಲಿ ಹೆರಿಗೆಯಾಗಿ ತಾಯಿಗೂ ಶಿಶುವಿಗೂ ಪ್ರಯಾಸವಾದೀತೆಂದು ಹಿರಿಯರು ಇದಕ್ಕೆ ಕಾರಣ ಹೇಳುವುದುಂಟು. ಈ ಅಗಲಿಕೆಯ ನಡುವೆ ದಂಪತಿಗಳು ಒಂದು ದಿನವಾದರೂ ಕೂಡುವುದಕ್ಕೆ ಅವಕಾಶ ಮಾಡಿಕೊಟ್ಟಿರುವುದು ಶ್ರೀ ಚಾಮರಾಜೇಶ್ವರಸ್ವಾಮಿಯವರ ರಥೋತ್ಸವ. ಹಿಂದೆ ಅರಿಕುಠಾರವೆಂದು ಹೆಸರಾಗಿದ್ದ ಈ ಊರಿನಲ್ಲಿ ಜನಿಸಿದ ಖಾಸಾ ಚಾಮರಾಜ ಒಡೆಯರವರ ನೆನಪಿಗಾಗಿ ಅವರ ಕುಮಾರರಾದ ಮುಮ್ಮಡಿ ಕೃಷ್ಣರಾಜ ಒಡೆಯರವರು ೧೮೨೬ರಲ್ಲಿ ದೇವಾಲಯವನ್ನು ಕಟ್ಟಿಸಿದರು. ಬೇರೆ ಊರುಗಳಲ್ಲಿ ಸಾಮಾನ್ಯವಾಗಿ ತೇರು ನಡೆಯದ ಆಷಾಢದಲ್ಲಿ ಇಲ್ಲಿ ತೇರು ನಡೆಯುತ್ತದೆ. ನವದಂಪತಿಗಳು ಎರಡು ಕಡೆಗಳಿಂದಲೂ ಬಂದು ಒಟ್ಟಾಗಿ ಹಣ್ಣುಜವನ ಎಸೆದು, ಬೀಗರೊಡನೆ ಕುಶಲ ಮಾತನಾಡಿ, ಮತ್ತೆ ತಂತಮ್ಮ ಊರಿಗೆ ಮರಳುತ್ತಾರೆ. ೨೦೧೭ರಲ್ಲಿ ರಥವು ಬೆಂಕಿಗೆ ಸಿಕ್ಕಿ ಹಾಳಾದುದರಿಂದ ಕೆಲವು ವರ್ಷ ಉತ್ಸವವು ನಿಂತಿತ್ತು. ಹೊಸ ರಥವಾಗಿ ೨೦೨೨ರಲ್ಲಿ ಮತ್ತೆ ಆರಂಭವಾದಾಗ ಸುತ್ತಣ ಹಳ್ಳಿಗಳ ಜನಕ್ಕೆ ಆದ ಸಂತೋಷ ಅಷ್ಟಿಷ್ಟಲ್ಲ.

ಆದರೆ ಆಷಾಢವು ಹೊಲದ ಕೆಲಸ ಕೈತುಂಬಿರುವ ಮಾಸವೂ ಹೌದು. ಮುಂಗಾರಿನ ಮೊದಲ ಮಳೆಗೆ ಬಿತ್ತಿದ ಸೂರ್ಯಕಾಂತಿ, ಹತ್ತಿ, ಜೋಳಗಳಿಗೆ ಕಳೆ ತೆಗೆದು ಎಡೆಕುಂಟೆ ಹಾಯಿಸಬೇಕು. ಅರಿಸಿನದ ತಾಕಿಗೆ ಗೊಬ್ಬರ ಕೊಡಬೇಕು. ರಾಗಿಯ ಹೊಲವನ್ನು ಹದಮಾಡಿ ಮಳೆ ಕಾಯಬೇಕು. ಇಂಥ ಸಮಯದಲ್ಲಿ ಕಿರಿಯ ಸೊಸೆ ತವರಿಗೆ ಹೋದರೆ ಮನೆಯಲ್ಲಿ ದುಡಿಯುವ ಕೈ ಒಂದು ಕಡಮೆಯಾಗುತ್ತದೆ. ಆ ಭಾರವೆಲ್ಲ ಹತ್ತು ವರ್ಷದ ಹಿಂದೆ ತಾನೂ ಹಾಗೆಯೇ ತವರಿಗೆ ಹೋಗಿಬರುತ್ತಿದ್ದ ಹಿರಿಯ ಸೊಸೆಯ ಮೇಲೆ ಬೀಳುತ್ತದೆ.

ಹಿಂದೆ ಉಳಿಯುವವರು

ಮನೆಯಲ್ಲಿ ಹಿಂದೆ ಉಳಿಯಬೇಕಾಗುವುದಕ್ಕೆ ನಮ್ಮ ಎರಡು ತಾಲ್ಲೂಕುಗಳಲ್ಲಿ ಮುಖ್ಯವಾಗಿ ಮೂರು ಕಾರಣಗಳುಂಟು.

ಮೊದಲನೆಯದು ಹಾಲಿನ ಹಸು. ಹಸುವು ಪರಿಚಯದ ಕೈಗೆ ಹಾಲಿಳಿಸುವಂತೆ ಅಪರಿಚಿತರ ಕೈಗೆ ಇಳಿಸುವುದಿಲ್ಲ. ಬೆದರಿದ ಹಸುವಿನ ಶರೀರದಲ್ಲಿ ಹಾಲು ಇಳಿಯುವ ಕ್ರಿಯೆಗೆ ತಡೆಯುಂಟಾಗುತ್ತದೆ. ಕೆಚ್ಚಲಿನಲ್ಲಿ ಹಾಲು ನಿಂತರೆ ಕೆಚ್ಚಲುಬಾವಿಗೆ ದಾರಿಯಾಗುತ್ತದೆ. ಎರಡನೆಯದು ಕಾಡಿನ ಮೃಗಗಳು. ಬಂಡೀಪುರದ ಅರಣ್ಯದ ಅಂಚಿನಲ್ಲಿರುವ ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಗಳಲ್ಲಿ ಆನೆ, ಕಾಡುಹಂದಿಗಳ ಭಯದಿಂದ ಬೆಳೆ ಕಟಾವಾಗುವವರೆಗೂ ಗಂಡಸರು ಅಟ್ಟಣೆಯ ಮೇಲೆ ರಾತ್ರಿ ಕಳೆಯುವುದುಂಟು. ಮೂರನೆಯದು ರೇಷ್ಮೆಹುಳು. ಮೊಟ್ಟೆಯೊಡೆದ ದಿನದಿಂದ ಚಂದ್ರಿಕೆಗೆ ಬಿಡುವವರೆಗೆ ಹುಳುವಿನ ಸಾಕಣೆಗೆ ಸುಮಾರು ೨೪ರಿಂದ ೨೮ ದಿನಗಳು ಹಿಡಿಯುತ್ತವೆ. ನಾಲ್ಕನೆಯ ಜ್ವರದಿಂದ ಎದ್ದಮೇಲಿನ ಒಂದು ವಾರದಲ್ಲಿಯೇ ಅದು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಐದರಲ್ಲಿ ನಾಲ್ಕು ಪಾಲನ್ನು ತಿನ್ನುತ್ತದೆ. ಆ ವಾರದಲ್ಲಿ ಒಂದು ಹೊತ್ತು ಸೊಪ್ಪು ತಪ್ಪಿದರೂ ಗೂಡಿನ ತೂಕಕ್ಕೆ ನಷ್ಟ.

ತೆರಕಣಾಂಬಿಯ ಕಡೆಯ ಒಂದು ಒಕ್ಕಲುಮನೆಯ ಸಂಗತಿಯನ್ನು ಉದಾಹರಣೆಗೆ ಹೇಳಬಹುದು. ಆ ಮನೆಯ ಹಿರಿಯ ಸೊಸೆಯು ನಾಲ್ಕು ವರ್ಷಗಳಿಂದ ತವರಿನ ಹಬ್ಬವನ್ನು ಕಂಡಿರಲಿಲ್ಲ. ಎರಡು ಮಿಶ್ರತಳಿಯ ಹಸುಗಳು ಆಕೆಯ ಕೈಯನ್ನು ಬಿಟ್ಟು ಬೇರೆಯವರಿಗೆ ಒಗ್ಗಿರಲಿಲ್ಲ. ತಾಯಿಗೆ ಕಾಯಿಲೆಯೆಂದು ಸುದ್ದಿ ಬಂದಾಗ ಬೆಳಗ್ಗೆ ಹೋದವಳು ಸಂಜೆಯ ಹಾಲಿನ ಹೊತ್ತಿಗೆ ಹಿಂದಿರುಗಿದ್ದಳು. ಇದನ್ನು ಕಂಡ ನೆರೆಮನೆಯ ಗೃಹಿಣಿಯು ತಾನಾಗಿ ಮುಂದೆ ಬಂದು, ಒಂದು ವಾರ ಎರಡು ಹೊತ್ತೂ ಹಸುಗಳ ಬಳಿ ನಿಂತು ಬೂಸಾ ಇಟ್ಟು ಮೈ ಸವರಿದಳು. ಆ ಬಳಿಕ ಸೊಸೆಯು ಪಕ್ಕದಲ್ಲಿ ನಿಂತಿರುವಾಗಲೇ ತಾನು ಕರೆಯತೊಡಗಿದಳು. ಹಸುಗಳು ಒಗ್ಗಿಕೊಂಡವು. ಸೊಸೆಯು ಮೂರು ರಾತ್ರಿ ತಾಯಿಯ ಬಳಿ ಇದ್ದು ಬಂದಳು. ಮುಂದೆ ಗೌರಿಹಬ್ಬಕ್ಕೆ ನೆರೆಮನೆಯವಳು ತವರಿಗೆ ಹೊರಟಾಗ ಈಕೆ ಆ ಮನೆಯ ಕೊಟ್ಟಿಗೆಯನ್ನು ನೋಡಿಕೊಂಡಳು. ಇದಕ್ಕಾಗಿ ಒಂದು ಕಾಸೂ ಖರ್ಚಾಗಲಿಲ್ಲ.

ಮುಯ್ಯಿಯ ಏರ್ಪಾಡು

ಇದೇನೂ ಹೊಸ ಉಪಾಯವಲ್ಲ. ನಾಟಿಗೂ ಕೊಯ್ಲಿಗೂ ಮುಯ್ಯಾಳು ಕೊಟ್ಟು ಪಡೆಯುವುದನ್ನು ನಮ್ಮ ರೈತರು ತಲೆತಲಾಂತರದಿಂದ ಬಲ್ಲರು. ಮದುವೆಯಲ್ಲಿ ಮುಯ್ಯಿ ಓದಿಸುವುದನ್ನೂ ಬಲ್ಲರು. ಅದೇ ಮುಯ್ಯಿಯನ್ನು ಕೊಟ್ಟಿಗೆಗೂ ಅಟ್ಟಣೆಗೂ ವಿಸ್ತರಿಸುವುದಷ್ಟೆ ಈಗ ಆಗಬೇಕಾದುದು. ಇದಕ್ಕೆ ಊರ ಯಜಮಾನರ ಮಾತು ಬೇಕು. ನೆರೆಯವರನ್ನು ಕೇಳಿಕೊಳ್ಳಲು ಸಂಕೋಚಪಡುವ ಗೃಹಿಣಿಯು ಊರಿನ ಕಟ್ಟಳೆಯೆಂದಾದರೆ ಸಂಕೋಚವಿಲ್ಲದೆ ಕೇಳಬಲ್ಲಳು. ಕ್ರಮವನ್ನು ಹೀಗೆ ಇಟ್ಟುಕೊಳ್ಳಬಹುದು.

೧. ಅಕ್ಕಪಕ್ಕದ ನಾಲ್ಕೈದು ಮನೆಗಳನ್ನು ಒಂದು ಗುಂಪು ಮಾಡುವುದು. ಹಾಲು ಉತ್ಪಾದಕರ ಸಹಕಾರ ಸಂಘವಿರುವ ಊರಿನಲ್ಲಿ ಅದರ ಸದಸ್ಯರ ಪಟ್ಟಿಯೇ ಇದಕ್ಕೆ ಸಾಕು. ಯಾವ ಮನೆಯವರು ಯಾವ ಹಬ್ಬಕ್ಕೆ ಹೊರಡುವರೆಂಬುದನ್ನು ಯುಗಾದಿಯ ವೇಳೆಗೆ ಮಾತನಾಡಿಕೊಳ್ಳತಕ್ಕದ್ದು.

೨. ಕರೆಯತಕ್ಕವರನ್ನು ಹೊರಡುವುದಕ್ಕೆ ಒಂದು ವಾರ ಮುಂಚೆಯೇ ಹಸುವಿಗೆ ಪರಿಚಯ ಮಾಡಿಸತಕ್ಕದ್ದು. ಮೇವನ್ನೂ ಬೂಸಾವನ್ನೂ ದಿನದಿನಕ್ಕೆ ಅಳೆದು ಬೇರೆಬೇರೆಯಾಗಿ ಇಟ್ಟು ಹೋಗಬೇಕು. ಹಾಲು ಕೊಡುವ ಹಸುವಿಗೆ ದಿನಕ್ಕೆ ೪೦ರಿಂದ ೬೦ ಲೀಟರು ನೀರು ಬೇಕಾಗುವುದರಿಂದ ತೊಟ್ಟಿ ತುಂಬಿಸುವ ಹೊಣೆ ಯಾರದೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಪಶುವೈದ್ಯರ ದೂರವಾಣಿಯ ಸಂಖ್ಯೆಯನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು.

೩. ಅಟ್ಟಣೆಯ ಕಾವಲನ್ನು ಸರದಿಯಂತೆ ಹಂಚಿಕೊಳ್ಳತಕ್ಕದ್ದು. ಕಾವಲಿಗೆ ಆಳಿಲ್ಲವೆಂದು ಬೇಲಿಗೆ ಮನೆಯ ವಿದ್ಯುತ್ತನ್ನು ನೇರವಾಗಿ ಹರಿಸಿ ಊರಿಗೆ ಹೋಗುವುದು ಘೋರವಾದ ತಪ್ಪು; ಕಾನೂನಿನ ಪ್ರಕಾರ ಅಪರಾಧ. ಅದು ಆನೆಯನ್ನು ಕೊಂದಂತೆಯೇ ಸೌದೆಗೆ ಬಂದ ನೆರೆಯವರ ಮಗುವನ್ನೂ ಕೊಲ್ಲುತ್ತದೆ. ಕ್ಷಣಮಾತ್ರ ಮಿಡಿದು ನಿಲ್ಲುವ ಸೌರಬೇಲಿಯೊಂದೇ ಅನುಮತಿಗೆ ತಕ್ಕುದು.

೪. ರೇಷ್ಮೆ ಸಾಕುವವರು ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ ಚಾಕಿ ಹುಳುವನ್ನು ತರತಕ್ಕದ್ದು. ಮನೆಗೆ ನೆಂಟರು ಬಂದರೂ ಅವರನ್ನು ಹುಳುಮನೆಯೊಳಕ್ಕೆ ಬಿಡಬಾರದು. ಅವರ ಊರಿನಲ್ಲಿಯೂ ಹುಳುವಿದ್ದು ಹಾಲುತೊಂಡೆಯೋ ಸುಣ್ಣಕಟ್ಟೋ ಇದ್ದರೆ ಅದು ಕಾಲಿನ ಧೂಳಿನಲ್ಲಿಯೇ ಬಂದೀತು. ಬಾಗಿಲಲ್ಲಿ ಸುಣ್ಣ ಮತ್ತು ಚೆಲುವೆಪುಡಿಯನ್ನು ಹರಡಿದ್ದರೆ ಯಾರನ್ನೂ ನೋಯಿಸದೆ ವಿಷಯವನ್ನು ತಿಳಿಸಿದಂತಾಗುತ್ತದೆ.

ಮಡಿಲಲ್ಲಿ ಬರುವ ವಸ್ತುಗಳು

ಹಿಂದಿರುಗುವ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳುಹಿಸುವುದು ನಮ್ಮಲ್ಲಿಲ್ಲ. ಮಡಿಲಕ್ಕಿಯೊಡನೆ ಒಂದು ಹಿಡಿ ಅವರೆಬೀಜ, ಒಂದು ಬಾಳೆಯ ಕಂದು, ನಾಲ್ಕು ಅರಿಸಿನದ ಗೆಡ್ಡೆ, ಅನುಕೂಲವಿದ್ದರೆ ಬಳುವಳಿಯಾಗಿ ಒಂದು ಕರು ಬರುತ್ತದೆ. ಒಳ್ಳೆಯ ತಳಿಗಳು ಊರಿಂದ ಊರಿಗೆ ಹರಡಿದುದು ಬಹುಮಟ್ಟಿಗೆ ಹೀಗೆಯೇ. ರೋಗಗಳು ಹರಡುವುದಕ್ಕೂ ಇದೇ ದಾರಿಯೆಂಬುದನ್ನು ಮರೆಯಬಾರದು.

ನೆರೆಯ ನಂಜನಗೂಡಿನ ರಸಬಾಳೆಯ ಅವಸ್ಥೆಯನ್ನು ನೋಡಿರಿ. ಊರಿನ ಹೆಸರನ್ನೇ ಹೊತ್ತ ಆ ಹಣ್ಣಿನ ತೋಟಗಳು ಪನಾಮಾ ಸೊರಗು ರೋಗಕ್ಕೆ ತುತ್ತಾಗಿ ಬಹಳ ಕ್ಷೀಣಿಸಿದವು. ಈ ರೋಗದ ಶಿಲೀಂಧ್ರವು ಕಂದಿನೊಡನೆಯೂ ಅದಕ್ಕೆ ಅಂಟಿದ ಮಣ್ಣಿನೊಡನೆಯೂ ಪ್ರಯಾಣ ಮಾಡುತ್ತದೆ; ಒಮ್ಮೆ ನೆಲಕ್ಕೆ ಸೇರಿದರೆ ಹಲವು ದಶಕಗಳವರೆಗೆ ಅಲ್ಲಿಯೇ ಉಳಿಯುತ್ತದೆ. ಹೊರಗೆ ಆರೋಗ್ಯವಾಗಿ ಕಾಣುವ ಕಂದಿನಲ್ಲಿಯೂ ಅದು ಅಡಗಿರಬಹುದು. ಆದುದರಿಂದ ಸೊರಗಿದ ಗಿಡವೊಂದಾದರೂ ಇರುವ ತೋಟದಿಂದ, ಅದು ಸೋದರಮಾವನದೇ ಆಗಿರಲಿ, ಕಂದನ್ನು ತರಕೂಡದು. ಅಂಗಾಂಶ ಕೃಷಿಯಿಂದ ಬೆಳೆಸಿದ ಸಸಿಗಳನ್ನು ನೆಡುವುದು ಇದಕ್ಕಿಂತ ಕ್ಷೇಮಕರ. ಅರಿಸಿನದ ಗೆಡ್ಡೆಯನ್ನು ತಂದರೆ ಕೊಳೆತುದನ್ನೂ ಮೆದುವಾದುದನ್ನೂ ಆರಿಸಿ ತೆಗೆದು, ಉಳಿದುದನ್ನು ಒಂದು ಲೀಟರು ನೀರಿಗೆ ೩ ಗ್ರಾಂ ಮ್ಯಾಂಕೋಜೆಬ್ ಬೆರೆಸಿದ ದ್ರಾವಣದಲ್ಲಿ ಅರ್ಧ ಗಂಟೆ ನೆನೆಯಿಸಿ, ನೆರಳಿನಲ್ಲಿ ಆರಿಸಿ ನೆಡತಕ್ಕದ್ದು. ರಾಗಿಯ ಬೀಜವಾದರೆ ೧೦೦ ಕಾಳನ್ನು ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟು, ೭೫ಕ್ಕೆ ಕಡಮೆ ಮೊಳೆತರೆ ಬಿತ್ತನೆಗೆ ಬಳಸದೆ ಹಿಟ್ಟು ಮಾಡಿಸುವುದು ಲೇಸು.

ಬಳುವಳಿಯ ಕರುವನ್ನು ಬಂದ ದಿನವೇ ಕೊಟ್ಟಿಗೆಗೆ ಸೇರಿಸದೆ ಮೂರು ವಾರ ಬೇರೆ ಕಟ್ಟತಕ್ಕದ್ದು. ೨೦೧೩ರಲ್ಲಿ ರಾಜ್ಯದ ದಕ್ಷಿಣ ಜಿಲ್ಲೆಗಳಲ್ಲಿ ಕಾಲುಬಾಯಿ ಜ್ವರದಿಂದ ಉಂಟಾದ ಹಾನಿಯನ್ನು ಕಂಡವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ. ಆ ರೋಗವು ಮನುಷ್ಯರ ಪಾದರಕ್ಷೆಗೂ ಬಟ್ಟೆಗೂ ಅಂಟಿ ಬರುತ್ತದೆ. ನೆಂಟರ ಊರಿನಲ್ಲಿ ದನಗಳಿಗೆ ಜೊಲ್ಲು ಸುರಿಯುತ್ತಿದ್ದುದನ್ನು ಕಂಡುಬಂದವರು ಮಿಂದು ಬಟ್ಟೆ ಬದಲಿಸಿದ ಮೇಲೆಯೇ ಕೊಟ್ಟಿಗೆಗೆ ಹೋಗತಕ್ಕದ್ದು. ೧೯೫೬ರಲ್ಲಿ ರಾಜ್ಯಗಳ ಮೇರೆಗಳು ಬದಲಾದರೂ ಆಚೆಯ ತಾಳವಾಡಿ ಸೀಮೆಯ ಕನ್ನಡಿಗರಿಗೂ ನಮಗೂ ಇರುವ ನೆಂಟತನ ಕಡಿದುಹೋಗಲಿಲ್ಲ. ದನದ ರೋಗಕ್ಕೂ ಆ ಮೇರೆಯಿಲ್ಲ. ಆರು ತಿಂಗಳಿಗೊಮ್ಮೆ ಹಾಕುವ ಲಸಿಕೆಯನ್ನು ಎರಡು ಕಡೆಯವರೂ ತಪ್ಪಿಸಬಾರದು. ನಮ್ಮ ಅಜ್ಜಂದಿರ ಕಾಲದಲ್ಲಿ ಊರೂರಿನ ಕೊಟ್ಟಿಗೆಗಳನ್ನು ಬರಿದುಮಾಡುತ್ತಿದ್ದ ದೊಡ್ಡರೋಗವು ಲಸಿಕೆಯ ಬಲದಿಂದಲೂ ರೋಗದ ದನಗಳ ಓಡಾಟವನ್ನು ತಡೆದುದರಿಂದಲೂ ಇಳಿಮುಖವಾಗಿ, ೨೦೧೧ರಲ್ಲಿ ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು. ಎಚ್ಚರಿಕೆಯ ಫಲಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಮನೆ ಸೇರಿದ ಸುಖ

ಹಿಂದಿರುಗುವ ವೇಳೆಯನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬಂಡೀಪುರದ ಕಾಡನ್ನು ಹಾದು ಸುಲ್ತಾನ್ ಬತ್ತೇರಿಗೂ ಊಟಿಗೂ ಹೋಗುವ ರಸ್ತೆಗಳಲ್ಲಿ ೨೦೦೯ರಿಂದ ರಾತ್ರಿ ೯ರಿಂದ ಬೆಳಗ್ಗೆ ೬ರ ವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಆ ಕಡೆಯ ನೆಂಟರಲ್ಲಿಗೆ ಹೋದವರು ಉಪಚಾರದ ಮಾತಿಗೆ ಕಟ್ಟುಬಿದ್ದು ತಡಮಾಡಿದರೆ ಮಕ್ಕಳೊಡನೆ ಗೇಟಿನ ಬಳಿ ರಾತ್ರಿ ಕಳೆಯಬೇಕಾದೀತು. ಹಲವು ದಿನ ಮುಚ್ಚಿದ್ದ ಮನೆಯಲ್ಲಿ ಧಾನ್ಯಕ್ಕೆ ಇಲಿಯೂ, ಇಲಿಗೆ ಹಾವೂ ಬಂದಿರುವ ಸಂಭವವುಂಟು. ಮೊದಲು ದೀಪ ಹಾಕಿ, ಕದಗಳನ್ನು ತೆರೆದು, ಮೂಲೆಗಳನ್ನೂ ಸೌದೆಯ ರಾಶಿಯನ್ನೂ ಕೋಲಿನಿಂದ ತಟ್ಟಿ ನೋಡಿದ ಮೇಲೆ ಮಕ್ಕಳನ್ನು ಒಳಕ್ಕೆ ಕರೆಯತಕ್ಕದ್ದು.

ನಾಲ್ಕು ದಿನ ಹೋಳಿಗೆ ಪಾಯಸ ಉಂಡು ಬಂದವರಿಗೆ ತಮ್ಮ ಒಲೆಯ ಬಿಸಿಮುದ್ದೆ, ಸೊಪ್ಪಿನ ಸಾರು, ಹಂಡೆಯ ಬಿಸಿನೀರು ಎಷ್ಟು ಹಿತವೆಂಬುದನ್ನು ಬಣ್ಣಿಸಬೇಕಾಗಿಲ್ಲ. ಆದರೆ ಕೊಟ್ಟಿಗೆಯಲ್ಲಿ ಹಸು ಸೊರಗಿದ್ದರೆ, ಹೊಲವನ್ನು ಹಂದಿ ತೋಡಿದ್ದರೆ ಆ ಹಿತವು ಆ ಸಂಜೆಗೇ ಇಲ್ಲವಾಗುತ್ತದೆ. ಮನೆಯಲ್ಲಿ ಒಬ್ಬರನ್ನು ಪ್ರತಿ ಸಲವೂ ಬಿಟ್ಟುಹೋಗಿ ಬಂದರೆ ಉಳಿದವರ ಸಂತೋಷಕ್ಕೆ ಅವರು ಬೆಲೆ ತೆತ್ತಂತಾಯಿತು. ಇದನ್ನು ಸರಿಪಡಿಸುವ ಶಕ್ತಿ ಊರ ಹಿರಿಯರ ಕೈಯಲ್ಲಿದೆ. ಮುಂದಿನ ಆಷಾಢಕ್ಕೆ ಮುನ್ನ ಒಂದು ಸಂಜೆ ಅರಳಿಕಟ್ಟೆಯ ಬಳಿ ಗಂಡಸರನ್ನೂ ಹೆಂಗಸರನ್ನೂ ಕೂಡಿಸಿ, ಯಾವ ಮನೆಯಲ್ಲಿ ಯಾರು ಬಹುಕಾಲದಿಂದ ತವರು ಕಂಡಿಲ್ಲವೆಂಬುದನ್ನು ವಿಚಾರಿಸಿ, ಸರದಿಯ ಪಟ್ಟಿಯಲ್ಲಿ ಅವರ ಹೆಸರನ್ನೇ ಮೊದಲು ಬರೆಯಬೇಕೆಂದು ನಮ್ಮ ವಿಜ್ಞಾಪನೆ.