ಮನಿ ಕೇಳಾಕ ಬಂದೀವ್ರಿ

ಕೊಪ್ಪಳ ಜಿಲ್ಲೆಯ ಗಿಣಿಗೇರಾದ ಹಳೇ ಊರಿನಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವಿನ ಗೋಡೆ ಒಂದೇ. ಆ ಮನೆಗೆ ಕೀಲಿ ಬಿದ್ದು ಹನ್ನೊಂದು ವರ್ಷವಾಯಿತು. ಮಣ್ಣಿನ ಮಾಳಿಗೆ, ಸಾಲು ಜಂತಿ, ಪಡಸಾಲೆಗೆ ನಾಲ್ಕು ಕಂಬ, ಬಾಗಿಲು ದಾಟಿದ ಕೂಡಲೇ ಎತ್ತುಗಳ ಗ್ವಾದಲಿ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕುವವರಿಲ್ಲ. ಅಲ್ಲಿ ಸೋರಿದ ನೀರು ನಮ್ಮ ಅಡುಗೆಮನೆ ಗೋಡೆಗೆ ಇಳಿಯುತ್ತದೆ. ‘ಆ ಮನಿ ಬಿದ್ರ ನಮ್ಮದೂ ಅರ್ಧ ಬೀಳ್ತೈತಿ, ಕೊಡ್ತಾರೇನು ಕೇಳಿ ನೋಡಪಾ’ ಎಂದು ಅವ್ವ ಮೂರು ಮಳೆಗಾಲ ಹೇಳಿದಳು.

ಕೇಳುವುದು ಹೇಗೆ ಎಂಬುದೇ ನನಗೆ ಗೊತ್ತಿರಲಿಲ್ಲ. ಹೆದ್ದಾರಿ ಬದಿಯ ಹೊಸ ಲೇಔಟುಗಳ ಸೈಟಿಗೆ ಬ್ಯಾನರ್ ಇರುತ್ತದೆ, ಅದರ ಮೇಲೆ ಫೋನ್ ನಂಬರ್ ಇರುತ್ತದೆ. ಊರೊಳಗಿನ ಮನೆಗೆ ಯಾರೂ ಬೋರ್ಡು ಹಾಕುವುದಿಲ್ಲ. ಸೈಟು ಕೊಡಿಸುವ ಒಬ್ಬ ದಲ್ಲಾಳಿಯ ಕಿವಿಗೆ ಮಾತು ಹಾಕಿದೆ. ಆತ ಚಹಾದಂಗಡಿಯಲ್ಲಿ ನಾಲ್ಕು ಜನರೆದುರು ಆ ಮನೆಯ ದರ ವಿಚಾರಿಸಿದ. ಎರಡೇ ದಿನಕ್ಕೆ ಬಳ್ಳಾರಿಯಿಂದ ಆ ಮನೆಯ ಹಿರಿಮಗನ ಫೋನ್ ಬಂತು. ‘ನಾವು ಮನಿ ಮಾರಾಕ ಇಟ್ಟೀವಂತ ನಿಮಗ ಯಾರು ಹೇಳಿದ್ರು? ನಮಗೇನು ಸಾಲ ಆಗೇತೇನು?’

ಆ ಪ್ರಶ್ನೆಯ ನೋವು ಅರ್ಥವಾಗಲು ಈ ಸೀಮೆಯಲ್ಲಿ ಹುಟ್ಟಿರಬೇಕು. ಮಗಳ ಮದುವೆಗೆಂದು, ಬೋರು ಹಾಕಿಸಲೆಂದು ಎಕರೆ ಹೊಲ ಮಾರಿದರೆ ಊರು ಸುಮ್ಮನಿರುತ್ತದೆ. ಹುಟ್ಟಿದ ಮನೆ ಮಾರುತ್ತಾರೆಂದರೆ ಸಾಲ ಕುತ್ತಿಗೆಗೆ ಬಂದಿರಬೇಕು, ಇಲ್ಲವೇ ಅಣ್ಣತಮ್ಮಂದಿರು ಮುರಿದುಕೊಂಡಿರಬೇಕು ಎಂದು ಜನ ಮಾತಾಡುತ್ತಾರೆ. ಮಾರಾಟಕ್ಕಿಲ್ಲದ ಮನೆಯ ದರ ಬಯಲಲ್ಲಿ ಕೇಳಿದವನು ಆ ಮನೆತನದ ಮರ್ಯಾದೆಯನ್ನೂ ಬಯಲಿಗೆ ಎಳೆದಂತೆ. ನಾನು ಕೇಳಿದ್ದು ಗೋಡೆಯ ಸಲುವಾಗಿ. ಊರಿಗೆ ಕೇಳಿಸಿದ್ದು ಅವರ ಸಾಲದ ಸುದ್ದಿ.

ನಮ್ಮೂರಿನ ಮಟ್ಟಿಗೆ ಈ ನೋವಿಗೆ ಇನ್ನೂ ಒಂದು ಬೇರಿದೆ. ಗಿಣಿಗೇರಾದಿಂದ ತುಂಗಭದ್ರಾ ಹಿನ್ನೀರು ದೂರವಲ್ಲ. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ಅಣೆಕಟ್ಟೆ ಮುಗಿಯುವಷ್ಟರಲ್ಲಿ ಹತ್ತಾರು ಹಳ್ಳಿಗಳು ನೀರಿನ ಪಾಲಾಗಿದ್ದವು. ಆ ಮನೆಗಳಿಗೆ ಬಂದದ್ದು ನೋಟೀಸು. ‘ಕೊಡ್ತೀರೇನು?’ ಎಂದು ಬಾಗಿಲಲ್ಲಿ ನಿಂತು ಕೇಳಿದವರಿರಲಿಲ್ಲ. ಆಮೇಲೆ ಉಕ್ಕಿನ ಕಾಲ ಬಂತು. ನಮ್ಮೂರ ಬಳಿ ಹೊಸಪೇಟೆ ಸ್ಟೀಲ್ಸ್, ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್, ಸುತ್ತಮುತ್ತ ಸ್ಪಾಂಜ್ ಐರನ್ ಘಟಕಗಳು. ಹುಬ್ಬಳ್ಳಿ–ಗುಂತಕಲ್ ಮಾರ್ಗದ ನಮ್ಮ ಸ್ಟೇಷನ್ನು ಜಂಕ್ಷನ್ ಆಯಿತು, ಇಲ್ಲಿಂದ ಕವಲೊಡೆದ ಹಳಿ ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿನ ತನಕ ಹೋಯಿತು. ಬಿಹಾರ, ಒಡಿಶಾ ಕಡೆಯ ಕಾರ್ಮಿಕರು ಬಂದರು, ಬಾಡಿಗೆ ಖೋಲಿಗೆ ಬೇಡಿಕೆ ಬಂತು. ಎಲ್ಲದರ ಜೊತೆಗೆ ಕಪ್ಪು ಧೂಳೂ ಬಂತು. 2025ರ ಫೆಬ್ರುವರಿ 24ರಂದು ಕಾರ್ಖಾನೆ ವಿಸ್ತರಣೆ ಬೇಡವೆಂದು ಗವಿಮಠದ ಶ್ರೀಗಳೊಂದಿಗೆ ಇಡೀ ಕೊಪ್ಪಳ ಬೀದಿಗಿಳಿಯಿತು. ಹೀಗೆ ನೆಲ, ಗಾಳಿ ಎರಡನ್ನೂ ಬೇರೆಯವರು ನಿರ್ಧರಿಸಿದ್ದನ್ನು ಕಂಡ ಜನ ಇವರು. ಇಂಥ ಊರಲ್ಲಿ ಮನೆ ಕೇಳಲು ಹೋಗುವವನು, ‘ಇಲ್ಲ’ ಎನ್ನಲು ಎದುರಿನವರಿಗೆ ಧಾರಾಳ ಜಾಗ ಬಿಟ್ಟು ಕೇಳಬೇಕು ಎಂದು ನಾನು ಮನಸಾರೆ ನಂಬುತ್ತೇನೆ.

ಎರಡನೆಯ ಸಲ ಮೊದಲು ಪಂಚಾಯಿತಿಗೆ ಹೋದೆ. ಮನೆ ಯಾರ ಹೆಸರಿನಲ್ಲಿದೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ, ಆದರೆ ಊರಿಗೆ ಗೊತ್ತಿರುವುದೂ ಕಾಗದ ಹೇಳುವುದೂ ಬೇರೆ ಇರಬಹುದು. ಮನೆ ತೆರಿಗೆ ಇನ್ನೂ ಅಜ್ಜನ ಹೆಸರಿನಲ್ಲಿ ಬರುತ್ತಿತ್ತು. ಕರೆಂಟ್ ಬಿಲ್ಲು ಅಪ್ಪನ ಹೆಸರಿನಲ್ಲಿ. ಇಬ್ಬರೂ ಈಗಿಲ್ಲ. ವಾರಸಾ ಆಗಿಲ್ಲ, ವಾಟ್ನಿಯೂ ಆಗಿಲ್ಲ, ಅಂದರೆ ವಾರಸುದಾರರ ಹೆಸರಿಗೆ ಬದಲಾಗಿಲ್ಲ, ಪಾಲೂ ಆಗಿಲ್ಲ. ನಮ್ಮ ಕಡೆ ಕೀಲಿ ಹಾಕಿದ ಎಷ್ಟೋ ಮನೆಗಳ ಗುಟ್ಟು ಇಷ್ಟೇ: ಒಡೆಯರು ಇಲ್ಲವೆಂದಲ್ಲ, ಹಲವರಿದ್ದಾರೆ.

ಗ್ರಾಮಠಾಣಾ ಒಳಗಿನ ಮನೆ ನೋಂದಣಿಯಾಗಬೇಕಾದರೆ ಪಂಚಾಯಿತಿಯ ಇ-ಸ್ವತ್ತು ತಂತ್ರಾಂಶದಿಂದ ನಮೂನೆ 9 ಮತ್ತು 11 ಬೇಕು. 2013ರ ನಂತರದ ವ್ಯವಸ್ಥೆ ಇದು. ಹಳ್ಳಿಯ ಮನೆಗಳಿಗೆ ಪಹಣಿಯಂಥ ಗಟ್ಟಿ ದಾಖಲೆ ಇರಲಿಲ್ಲವೆಂದೇ 2020ರಲ್ಲಿ ಕೇಂದ್ರ ಸರ್ಕಾರ ಡ್ರೋನ್ ಹಾರಿಸಿ ಅಳೆಯುವ ಸ್ವಾಮಿತ್ವ ಯೋಜನೆ ತಂದಿತು. ಋಣಭಾರ ಪತ್ರವೂ ನೋಡಬೇಕು. ವ್ಯವಹಾರ ನಡೆದಿದ್ದರೆ ನಮೂನೆ 15, ಏನೂ ನಡೆದಿರದಿದ್ದರೆ ನಮೂನೆ 16 ಕೊಡುತ್ತಾರೆ. ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ, ಅದರ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಹಳೆಯ ಪುಸ್ತಕ ತೆಗೆಸಬೇಕು. 1948ರವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತಾದ್ದರಿಂದ ಕೆಲವು ಮನೆಗಳ ಟ್ರಂಕಿನಲ್ಲಿ ಉರ್ದು ಕಾಗದವೇ ಇರುತ್ತದೆ. ಖರೀದಿ, ಕಬ್ಜಾ, ವಾರಸಾ ಎಂದು ನಾವು ಇಂದಿಗೂ ಆಡುವ ಮಾತುಗಳಲ್ಲಿ ಆ ಕಾಲ ಉಳಿದುಕೊಂಡಿದೆ.

ಕಾಗದಕ್ಕಿಂತ ಹೆಚ್ಚು ಕಣ್ಣು ತೆರೆಸಿದ್ದು ವಂಶಾವಳಿ. ಗಂಡುಮಕ್ಕಳು ಇಬ್ಬರು: ಒಬ್ಬರು ಬಳ್ಳಾರಿಯಲ್ಲಿ, ಇನ್ನೊಬ್ಬರು ಪುಣೆಯಲ್ಲಿ. ಹೆಣ್ಣುಮಕ್ಕಳು ಮೂವರು: ಕುಷ್ಟಗಿ, ಯಲಬುರ್ಗಾ, ಗಂಗಾವತಿಗೆ ಕೊಟ್ಟವರು. ಊರಲ್ಲಿ ಯಾರನ್ನು ಕೇಳಿದರೂ ಮೊದಲಿನ ಇಬ್ಬರ ಹೆಸರಷ್ಟೇ ಹೇಳುತ್ತಿದ್ದರು. ‘ಹೆಣ್ಣುಮಕ್ಕಳದೇನು, ಅರಿಷಿಣ ಕುಂಕುಮ ಕೊಟ್ರ ಸಹಿ ಮಾಡ್ತಾರ’ ಎಂದು ಒಬ್ಬ ಹಿರಿಯರು ಹೇಳಿದಾಗ ನನಗೆ ಸಂಕಟವಾಯಿತು. ಕರ್ನಾಟಕ ತನ್ನದೇ ತಿದ್ದುಪಡಿಯಿಂದ 1994ರ ಜುಲೈ 30ಕ್ಕೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತ್ತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಗೆರೆಯನ್ನೂ ಅಳಿಸಿತು. ತಿದ್ದುಪಡಿ ಬಂದ ದಿನ ಅಪ್ಪ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಮನೆ ಕೇಳಲು ಹೋಗುವವರು ಅಣ್ಣನ ಬಾಗಿಲಿಗಷ್ಟೇ ಹೋಗುತ್ತಾರೆ, ಅಕ್ಕತಂಗಿಯರ ಬಳಿಗೆ ಕೊನೆಗೆ ಸಹಿಗೆಂದು ಪೆನ್ನು ಹಿಡಿದು ಹೋಗುತ್ತಾರೆ. ಅದು ನ್ಯಾಯವಲ್ಲ. ಆ ಮನೆಯಿಂದ ದೂರ ಹೋಗಿ, ದೂರದಿಂದಲೇ ಅದನ್ನು ತವರು ಎಂದು ಕರೆಯುತ್ತ ಬದುಕಿದವರು ಅವರು.

ನಮ್ಮ ಮಾತಿನಲ್ಲಿ ಮನೆಯನ್ನೂ ‘ಕೊಡು’ವುದೇ, ಹೆಣ್ಣನ್ನೂ ‘ಕೊಡು’ವುದೇ. ‘ಹೆಣ್ಣು ಕೇಳಾಕ ಬಂದೀವ್ರಿ’ ಅನ್ನುವ ಧಾಟಿಯಲ್ಲೇ ‘ಮನಿ ಕೇಳಾಕ ಬಂದೀವ್ರಿ’ ಅನ್ನುತ್ತೇವೆ. ಹಾಗಾಗಿ ರೀತಿಯೂ ಅದೇ ಇರಲಿ ಎಂದು ಎರಡೂ ಮನೆತನಕ್ಕೆ ಬೇಕಾದ ನೆರೆಯ ಕಾಕಾನನ್ನು ಕರೆದುಕೊಂಡು ಬಳ್ಳಾರಿಗೆ ಹೋದೆ. ಮೊದಲು ಚಹಾದಂಗಡಿಯ ಮಾತಿಗೆ ಕ್ಷಮೆ ಕೇಳಿದೆ. ಆಮೇಲೆ ಗೋಡೆಯ ಹಸಿಯ ಫೋಟೊ ತೋರಿಸಿದೆ. ಯಾಕೆ ಬೇಕು ಎಂಬುದನ್ನು ಮುಚ್ಚಿಡದೆ ಹೇಳಬೇಕು. ‘ಅಣ್ಣಾರ, ನೀವು ಕೊಡಬೇಕಂತ ಏನಿಲ್ಲ. ಎಂದಾರ ಕೊಡೂ ಮನಸಾದ್ರ ಮೊದಲ ನಮಗ ಒಂದ ಮಾತ ಹೇಳ್ರಿ’ ಎಂದೆ. ದರದ ಮಾತು ಅಂದು ಎತ್ತಲೇ ಇಲ್ಲ. ಅವರು ಬಹಳ ಹೊತ್ತು ಮನೆಯ ಹಗೇವಿನ ಬಗ್ಗೆ ಮಾತಾಡಿದರು. ಬರಗಾಲದಲ್ಲಿ ಅದರ ಬಾಯಿ ತೆರೆದು ಓಣಿಗೆಲ್ಲ ಜೋಳ ಅಳೆದುಕೊಟ್ಟ ಕತೆ. ನಾನು ಕೇಳುತ್ತ ಕುಳಿತೆ.

ಇಲ್ಲಿ ಒಂದು ಕಹಿ ಮಾತನ್ನೂ ಬರೆಯಲೇಬೇಕು. ಹಳೇ ಊರಲ್ಲಿ ಮನೆ ಕೇಳಲು ಹೊಸಬರು ಬಂದರೆ ದರಕ್ಕಿಂತ ಮುಂಚೆ ‘ಯಾರ ಪೈಕಿ?’ ಎಂಬ ಪ್ರಶ್ನೆ ಬರುತ್ತದೆ. ಮನೆಯವರು ಕೊಡಲು ಸಿದ್ಧರಿದ್ದರೂ ಓಣಿ ಬೇಡವೆಂದ ಕಾರಣಕ್ಕೆ ಮುರಿದುಬಿದ್ದ ವ್ಯವಹಾರ ನಮ್ಮ ಸೀಮೆಯಲ್ಲಿ ಯಾರೂ ಕೇಳದ ಸಂಗತಿಯಲ್ಲ. ಅಮೆರಿಕದಲ್ಲಿ ಮನೆ ಮೆಚ್ಚಿದವರು ತಮ್ಮ ಸಂಸಾರದ ಫೋಟೊ ಇಟ್ಟು ಒಡೆಯರಿಗೆ ಆಪ್ತ ಪತ್ರ ಬರೆಯುವ ರೂಢಿಯಿದೆ. ಅದನ್ನು ನೋಡಿ ಜನಾಂಗ, ಧರ್ಮ ಅಳೆಯುತ್ತಾರೆಂದು ಆರೆಗಾನ್ ರಾಜ್ಯ 2021ರಲ್ಲಿ ಅಂಥ ಪತ್ರಗಳನ್ನು ತಡೆಯುವ ಕಾನೂನು ಮಾಡಿತು. ವಾಕ್ ಸ್ವಾತಂತ್ರ್ಯದ ನೆಲೆಯಲ್ಲಿ ಮರುವರ್ಷ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು. ನಮ್ಮಲ್ಲಿ ಪತ್ರವೇ ಬೇಕಿಲ್ಲ, ಹೆಸರು ಮತ್ತು ಊರು ಹೇಳಿದರೆ ಸಾಕು. ನನಗೆ ಆ ಬಾಗಿಲು ಸುಲಭವಾಗಿ ತೆರೆದದ್ದರಲ್ಲಿ ನೆರೆಹೊರೆಯ ಸಲಿಗೆ ಎಷ್ಟು, ಜಾತಿಯ ಸಲಿಗೆ ಎಷ್ಟು ಎಂದು ಆ ದಿನ ಬಸ್ಸಿನಲ್ಲಿ ಮರಳುವಾಗ ಯೋಚಿಸಿದೆ. ಎರಡನೆಯದೂ ಇತ್ತು.

ತಡವಾಗಿ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರು ಯಾದವಗಿರಿಯ ಆರ್. ಕೆ. ನಾರಾಯಣ್ ಮನೆ ನೆನಪಾಗುತ್ತದೆ. ವಾರಸುದಾರರಿಂದ ಬಿಲ್ಡರ್ ಕೈಗೆ ಹೋಗಿ 2011ರಲ್ಲಿ ಕೆಡವುವ ಕೆಲಸ ಶುರುವಾದ ಮೇಲಷ್ಟೇ ಊರು ಎಚ್ಚೆತ್ತಿತು. ನಂತರ ಸಾರ್ವಜನಿಕ ಹಣದಲ್ಲಿ ಕೊಂಡು, ದುರಸ್ತಿ ಮಾಡಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ನಮ್ಮ ಜಿಲ್ಲೆಯ ಆನೆಗೊಂದಿಯಲ್ಲಿ ಬೇರೆ ದಾರಿ ಕಾಣುತ್ತದೆ. ಶಮಾ ಪವಾರ್ ಅವರ ಕಿಷ್ಕಿಂದಾ ಟ್ರಸ್ಟ್‌ನ ಸುತ್ತ ನಡೆದ ಕೆಲಸದಲ್ಲಿ ಹಳೆಯ ಮನೆಗಳು ದುರಸ್ತಿಯಾಗಿ ಅತಿಥಿಗೃಹಗಳಾದವು, ಬಾಳೆನಾರಿನ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ನೆಲೆಯಾದವು. ಮಣ್ಣಿನ ಗೋಡೆ ಉಳಿಸಬಹುದು ಎಂಬ ಧೈರ್ಯ ನನಗೆ ಬಂದದ್ದು ಅಲ್ಲಿ ಅಡ್ಡಾಡಿದ ಮೇಲೆ.

ಒಪ್ಪಿಗೆ ಬಂದರೆ ಮುಂದಿನದು ಸಂಚಕಾರ. ಮುಂಗಡಕ್ಕೆ ಆಡುವ ಈ ಮಾತನ್ನೇ ‘ಜೀವಕ್ಕೆ ಸಂಚಕಾರ’ ಎನ್ನುವಾಗಲೂ ಆಡುತ್ತೇವೆ. ಹಣ ಮುಟ್ಟಿದರೆ ಇಬ್ಬರೂ ಕಟ್ಟಿಹಾಕಿಕೊಂಡಂತೆ, ಅದಕ್ಕೇ ಅವಸರ ಬೇಡ. ನೂರು ರೂಪಾಯಿ ಬಾಂಡಿನ ಮೇಲೆ ಬರೆದುಕೊಂಡು ಕಬ್ಜಾ ಪಡೆದವರು ನಮ್ಮೂರುಗಳಲ್ಲಿ ಬಹಳ. ಆದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿಯಾಗದ ಖರೀದಿ ಪತ್ರದಿಂದ ಮನೆಯ ಹಕ್ಕು ಬರುವುದಿಲ್ಲ. 20 ಸಾವಿರ ರೂಪಾಯಿಗೆ ಮುಟ್ಟಿದ ಮುಂಗಡವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ತಡೆಯಿದೆ, ಬ್ಯಾಂಕಿನ ಮೂಲಕವೇ ಕೊಡಬೇಕು. ಕರಾರಿನಲ್ಲಿ ದಿನ ನಿಗದಿಯಾಗಿದ್ದರೆ ಅದು ಕಳೆದು ಮೂರು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿದೆ. ಚಕ್ಕುಬಂದಿ ಬರೆಸುವಾಗ ನಮ್ಮಂತೆ ಹಂಚಿಕೊಂಡ ಗೋಡೆಯಿದ್ದರೆ ಅದನ್ನು ಸ್ಪಷ್ಟವಾಗಿ ಬರೆಸಬೇಕು. ಅಕ್ಕತಂಗಿಯರು ಸಾಕ್ಷಿಯ ಸಾಲಿನಲ್ಲಲ್ಲ, ಮಾರುವವರ ಸಾಲಿನಲ್ಲೇ ಇರಬೇಕು, ಅವರ ಪಾಲಿನ ಹಣ ಅವರ ಖಾತೆಗೇ ಹೋಗಬೇಕು. ಇದನ್ನು ನಾನು ಬಳ್ಳಾರಿಯಲ್ಲೇ ಹೇಳಿದ್ದೆ. ಹಿರಿಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾರ ಮೊದಲ ಅಕ್ಕನ್ನ ಕೇಳ್ರಿ’ ಎಂದರು.

ಕುಷ್ಟಗಿಯ ಅಕ್ಕನ ಮನೆಗೆ ಅವ್ವನೂ ಬಂದಳು. ಅಕ್ಕನಿಗೆ ಎಪ್ಪತ್ತರ ಹತ್ತಿರ. ನಾನು ಮಾತು ತೆಗೆಯುವ ಮೊದಲೇ ಆಕೆ ಅವ್ವನ ಕೈ ಹಿಡಿದು, ‘ನಡುಮನಿ ಮೂರನೇ ಜಂತಿ ಇನ್ನಾ ಗಟ್ಟಿ ಐತೇನವ್ವ?’ ಎಂದು ಕೇಳಿದರು. ಪಂಚಮಿಗೆ ಮೂವರೂ ಜೋಕಾಲಿ ಕಟ್ಟುತ್ತಿದ್ದುದು ಅದಕ್ಕಂತೆ. ಅಪ್ಪ ಹೋದ ಮೇಲೂ ತಾಯಿ ಇರುವ ತನಕ ಪ್ರತಿ ಶ್ರಾವಣಕ್ಕೆ ಬಂದು ಉಂಡಿ ಕಟ್ಟಿ ಹೋಗುತ್ತಿದ್ದರು. ಹನ್ನೊಂದು ವರ್ಷದಿಂದ ಅದೂ ಇಲ್ಲ. ಮನೆಯ ವಿಷಯದಲ್ಲಿ ಇಷ್ಟು ವರ್ಷ ಆಕೆಯನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳಿದ್ದಕ್ಕೇ ಅವರ ಕಣ್ಣು ತುಂಬಿದವು.

‘ನೀ ತಗೊಂಡ್ರ ಕೆಡವ್ತೀಯೇನು, ತಮ್ಮಾ?’

‘ಗ್ವಾದಲಿ ಕಡೆ ಗೋಡಿ ಕೆಡವಬೇಕಾಗ್ತೈತಿ ಯಕ್ಕಾ. ನಡುಮನಿ ಕೆಡವೂದಿಲ್ಲ.’

ಅವರು ಹೂಂ ಎನ್ನಲಿಲ್ಲ, ಒಲ್ಲೆ ಎನ್ನಲೂ ಇಲ್ಲ. ಈ ಪಂಚಮಿಗೆ ಐದೂ ಮಂದಿ ಗಿಣಿಗೇರಾಕ್ಕೆ ಬಂದು, ಬಾಗಿಲು ತೆಗೆದು, ಒಂದು ದಿನ ಅಲ್ಲೇ ಅಡುಗೆ ಮಾಡಿ ಉಂಡು, ಆಮೇಲೆ ಹೇಳುತ್ತೇವೆ ಎಂದರು. ಹೊರಡುವಾಗ ಕಪಾಟಿನಿಂದ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕೀಲಿಕೈ ತಂದು ಅವ್ವನ ಕೈಗಿಟ್ಟರು. ಬಳ್ಳಾರಿಯ ತಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿ ತಿಳಿಸಿದರು.

ಮಳೆ ಹಿಡಿಯುವ ಮುಂಚೆ ಮಾಳಿಗೆಗೆ ಎರಡು ಟ್ರ್ಯಾಕ್ಟರ್ ಮಣ್ಣು ಹಾಕಿಸಿದೆವು. ಖರ್ಚಿನಲ್ಲಿ ಅರ್ಧ ಅವರು ಕಳಿಸಿದರು. ಮೂರನೆಯ ಜಂತಿಯನ್ನು ಬಡಗಿ ಬಡಿದು ನೋಡಿ, ಗಟ್ಟಿ ಇದೆ ಎಂದ. ಅವ್ವ ಅಂದೇ ಕುಷ್ಟಗಿಗೆ ಫೋನ್ ಹಚ್ಚಿದಳು.